ಇಪ್ಪತ್ತೈದಕ್ಕೆ ಕೂಗುವ ಗಂಟೆ

ಬಂದರಿನ ಐಸ್ ಕಾರ್ಖಾನೆಯ ಗೋಡೆ ಪಕ್ಕದಿಂದಲೇ ನಾವು ಶಾಲೆಗೆ ಹೋಗುತ್ತಿದ್ದೆವು. ಅಲ್ಲಿ ಒಂದು ವಾಸನೆ ಬರುತ್ತಿತ್ತು. ಮೂಗಿನೊಳಗೆ ಸೂಜಿ ಆಡಿಸಿದಂತೆ, ಕಣ್ಣಲ್ಲಿ ನೀರು ತರಿಸುವಂಥದ್ದು. ಅದು ಅಮೋನಿಯ ಎಂದು ತಿಳಿದದ್ದು ಕಾಲೇಜು ಸೇರಿದ ಮೇಲೆ. ಈಗ ನಮ್ಮ ತೈವಾನಿನ ಕಾವೋಶುಂಗ್ ಬಂದರಿನ ಮೀನಿನ ಶೈತ್ಯಾಗಾರಗಳ ಬಳಿ ಅದು ಅಷ್ಟಾಗಿ ಬರುವುದಿಲ್ಲ. ಬಂದರೆ ಮೊದಲು ಗಂಟೆ ಕೂಗುತ್ತದೆ. ಯಾವಾಗ ಕೂಗಬೇಕೆಂದು ಆ ಗಂಟೆಗೆ ಹೇಳಿಕೊಡುವವರು ಐವತ್ತೆಂಟು ವರ್ಷದ ತು ಶುಯ್-ಮು.

ಬೆಳಗಿನ ಐದು ಗಂಟೆ. ಶುಯ್-ಮು ಗೋಡೆಯ ಕಬ್ಬಿಣದ ಬೀರು ತೆರೆದು ಕನ್ನಡಕ ಏರಿಸುತ್ತಾರೆ. ಒಳಗೆ ಅಂಗೈಯಗಲದ ಹದಿನಾಲ್ಕು ಪೆಟ್ಟಿಗೆಗಳು, ಒಂದೊಂದಕ್ಕೂ ಎಂಟು ತಂತಿ. ಪ್ರತಿ ತಂತಿಯ ಆ ತುದಿಯಲ್ಲಿ ಗಾಳಿ ಮೂಸುವ ಒಂದು ಸೆನ್ಸರ್. ಅದು ಕಳಿಸುವುದು ಚೂರೇ ಚೂರು ಕರೆಂಟು: ನಾಲ್ಕು ಮಿಲಿಆಂಪಿಯರ್ ಬಂದರೆ ಗಾಳಿ ಶುದ್ಧ, ಇಪ್ಪತ್ತು ಬಂದರೆ ಅಳತೆಯ ಕೊನೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯ ಇಪ್ಪತ್ತೈದು ಪಾಲು ಮುಟ್ಟಿದರೆ ಗಂಟೆ ಹೊಡೆಯಬೇಕು.

“ಸೊನ್ನೆ ಬಂದ್ರೆ ಖುಷಿ ಪಡಬಾರ್ದು ಅಕ್ಕಾ,” ಎನ್ನುತ್ತಾರೆ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೆ. “ಸೊನ್ನೆ ಅಂದ್ರೆ ಗಾಳಿ ಚೆನ್ನಾಗಿದೆ ಅಂತಲ್ಲ. ತಂತಿ ಸತ್ತಿದೆ ಅಂತ.”

ಬೀರುವಿನ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು ಇದೆ. ನಮ್ಮ ಕಡೆ ಯಂತ್ರಗಳು ಹೇಳಿದ ಮಾತು ಕೇಳಲೆಂದು ಇಡುವಂಥದ್ದು. ಹಸಿರೇ ಆಗಬೇಕು, ಯಾರೂ ತಿನ್ನಬಾರದು, ತಾರೀಖು ಮುಗಿದಿರಬಾರದು. ಶುಯ್-ಮು ಅದರತ್ತ ನೋಡದೆ ತಂತಿಗಳ ಮೇಲೆ ಬಾಗುತ್ತಾರೆ.

ಆರು ವರ್ಷದ ಹಿಂದೆ ಇಲ್ಲಿಯ ಕಂಪ್ರೆಸರ್ ಕೋಣೆಗೆ ಹೊಸ ಸೆನ್ಸರ್ ಬಂತು. ಹಳೆಯದು ನೂರರವರೆಗೆ ಅಳೆಯುತ್ತಿತ್ತು, ಹೊಸದು ಸಾವಿರದವರೆಗೆ. ಶುಯ್-ಮು ತಂತಿ ಸೇರಿಸಿದರು, ಹಳೆಯ ಪೊಟ್ಟಣ ತೆಗೆದು ಹೊಸದಿಟ್ಟರು, ಪೆಟ್ಟಿಗೆಯೊಳಗಿನ ಅಳತೆಯನ್ನು ಮಾತ್ರ ನೂರಕ್ಕೇ ಬಿಟ್ಟರು. ಒಂಬತ್ತನೇ ದಿನ ಒಂದು ವಾಲ್ವ್ ಸೋರತೊಡಗಿತು. ಕೋಣೆಯಲ್ಲಿ ನೂರ ಎಂಬತ್ತು ಪಾಲು ತುಂಬಿದಾಗಲೂ ಪರದೆ ಹದಿನೆಂಟು ಎಂದೇ ತೋರಿಸುತ್ತಿತ್ತು. ಗಂಟೆ ಹೊಡೆಯಲಿಲ್ಲ. ವಾಸನೆ ಬಂದರೂ ಪರದೆಯನ್ನೇ ನಂಬಿ ವಾಲ್ವ್ ಬಿಗಿಮಾಡಲು ಒಳಗೆ ಹೋದವರು ಆ ಕೋಣೆಯ ಕೆಲಸಗಾರ ಕೆ ಛಿಂಗ್-ಫಾ. ಅವರ ಕೈಯಲ್ಲೇ ಅದು ಒಡೆಯಿತು. ಜೀವ ಉಳಿಯಿತು. ಬಲಗಣ್ಣು ಹೋಯಿತು, ಶ್ವಾಸಕೋಶ ಸುಟ್ಟಿತು. ಈಗ ಎರಡು ಮೆಟ್ಟಿಲು ಹತ್ತಿದರೆ ಕೂರಬೇಕು.

“ಪೊಟ್ಟಣದ ತಾರೀಖು ಎರಡು ಸಲ ನೋಡಿದ್ದೆ,” ಎನ್ನುತ್ತಾರೆ ಶುಯ್-ಮು. “ಸೆನ್ಸರಿನ ಮೇಲೆ ಸಾವಿರ ಅಂತ ಬರೆದಿದ್ದ ಚೀಟಿ ಒಂದು ಸಲಾನೂ ಓದ್ಲಿಲ್ಲ.”

ಅಂದಿನಿಂದ ಅವರು ಕಾಗದವನ್ನು ನಂಬುವುದಿಲ್ಲ. ಪರೀಕ್ಷೆಯ ಗ್ಯಾಸಿನ ಪುಟ್ಟ ಸಿಲಿಂಡರ್ ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿ, ಒಂದೊಂದು ಸೆನ್ಸರಿಗೂ ನಿಜವಾದ ಅಮೋನಿಯ ಮೂಸಿಸಿ, ಗಂಟೆ ಹೊಡೆದ ಮೇಲೆಯೇ ಇಳಿಯುತ್ತಾರೆ. ದಿನಕ್ಕೆ ಮೂವತ್ತು ಸಲ ಹತ್ತಿ ಇಳಿಯುವ ಮೊಣಕಾಲುಗಳಿಗೆ ಬಟ್ಟೆ ಸುತ್ತಿದೆ.

ಈ ತಿಂಗಳು ಶೈತ್ಯಾಗಾರದ ಮೂರನೇ ಓಣಿಯ ಗಂಟೆ, ಪರೀಕ್ಷೆಗಳನ್ನು ಬಿಟ್ಟು, ಹನ್ನೊಂದು ಸಲ ಹೊಡೆದಿದೆ. ಹೊಡೆದಾಗಲೆಲ್ಲ ಮೀನು ವಿಂಗಡಿಸುವ ಹೆಂಗಸರು ಕೈಗವಸು ಕಳಚಿ ಅಂಗಳದಲ್ಲಿ ನಿಲ್ಲಬೇಕು. “ಮು ಅಣ್ಣ, ನಿನ್ನ ಪೆಟ್ಟಿಗೆಗೆ ಶೀತ ಆಗಿದ್ಯೋ ಏನೋ, ಒಂದು ಲೋಟ ಶುಂಠಿ ನೀರು ಕುಡ್ಸು,” ಎಂದು ಅವರು ಕಾಲೆಳೆಯುತ್ತಾರೆ. ಶುಯ್-ಮು ನಗುತ್ತಾರೆ. ಆ ಗುಂಪಿನಲ್ಲಿ ಛಿಂಗ್-ಫಾ ಅವರ ಹೆಂಡತಿ ಯಿನ್-ಝು ಕೂಡ ಇದ್ದಾರೆ. ಅವರು ನಗುವುದಿಲ್ಲ. ಆರು ವರ್ಷದಲ್ಲಿ ಅವರು ಶುಯ್-ಮು ಜೊತೆ ಒಂದು ಮಾತೂ ಆಡಿಲ್ಲ.

ಗಂಟೆಯದೇನೂ ತಪ್ಪಿಲ್ಲ. ಓಣಿಯ ಅಮೋನಿಯ ಕೊಳವೆಯ ಒಂದು ಜೋಡಣೆ ನಿಜವಾಗಿಯೂ ಸೋರುತ್ತಿದೆ. ಸರಿಪಡಿಸಲು ಎರಡು ದಿನ ಆ ಓಣಿಯ ಶೀತಲ ಕೋಣೆ ನಿಲ್ಲಿಸಬೇಕು. ಹೊರಗೆ ಟ್ಯೂನಾ ತುಂಬಿದ ಹಡಗುಗಳು ಸಾಲುಗಟ್ಟಿವೆ. ಆದ್ದರಿಂದ ಮ್ಯಾನೇಜರ್ ಲಾಯ್ ಇಂದು ಬೆಳಿಗ್ಗೆ ದಾಖಲೆ ಪುಸ್ತಕ ಹಿಡಿದು ಬಂದು, ಗಂಟೆಯ ಮಿತಿಯನ್ನು ಇಪ್ಪತ್ತೈದರಿಂದ ಐವತ್ತಕ್ಕೆ ಏರಿಸಿ ಸಹಿ ಹಾಕಿ ಎಂದು, ಗಂಟೆ ಕೇಳಿ ಹೊರಬಂದ ಹೆಂಗಸರ ಎದುರಿಗೆ ಅಂಗಳದಲ್ಲೇ ಕೇಳುತ್ತಾರೆ. ಹಡಗು ಖಾಲಿಯಾಗಲಿ, ಆಮೇಲೆ ಇಳಿಸೋಣ ಎಂಬುದು ಅವರ ಮಾತು. ಕೆಟ್ಟ ಮನುಷ್ಯರೇನಲ್ಲ, ಅವರೂ ಮೂರು ದಿನದಿಂದ ಸರಿಯಾಗಿ ಮಲಗಿಲ್ಲ.

“ಐವತ್ತಕ್ಕೆ ಯಾರೂ ಸಾಯಲ್ಲ ಮು ಅಣ್ಣ.”

“ಐವತ್ತರಲ್ಲಿ ಸಾಯಲ್ಲ. ಆದ್ರೆ ಓಡೋಕೆ ಸಿಗೋ ಹೊತ್ತು ಕಮ್ಮಿ ಆಗತ್ತೆ,” ಎನ್ನುತ್ತಾರೆ ಶುಯ್-ಮು. “ನಾನು ಸಹಿ ಹಾಕಲ್ಲ.”

ಲಾಯ್ ಪುಸ್ತಕ ಮುಚ್ಚುತ್ತಾರೆ. ಸೋಮವಾರದಿಂದ ಬೇರೆಯವರನ್ನು ಕರೆಸುತ್ತೇವೆ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋಗುತ್ತಾರೆ. ಇಪ್ಪತ್ತೊಂದು ವರ್ಷದ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ಅಂಗಳದಲ್ಲಿ ಯಾರೂ ಕಾಲೆಳೆಯುವುದಿಲ್ಲ.

ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ. ಸ್ಕ್ರೂಡ್ರೈವರ್ ಒರೆಸಿ ಚೀಲಕ್ಕೆ ಹಾಕುತ್ತಾರೆ. “ಬರೋವ್ನು ಚೀಟಿ ಓದ್ಲಿ. ಅಷ್ಟೇ.”

ಚೀಲ ಹೆಗಲಿಗೇರುವಷ್ಟರಲ್ಲಿ ಯಿನ್-ಝು ಎದುರಿಗೆ ಬಂದು ನಿಂತಿದ್ದಾರೆ. ಕೈಯಲ್ಲಿ ತಮ್ಮ ಊಟದ ಡಬ್ಬಿ. ಹಳೆಯ ಸ್ಟೀಲಿನದು, ಮುಚ್ಚಳದ ಮೇಲೆ ಮೊಳೆಯಿಂದ ಗೀಚಿದ ಗಂಡನ ಹೆಸರು. ಅದನ್ನು ಶುಯ್-ಮು ಅವರ ಎರಡೂ ಕೈಗಳ ನಡುವೆ ಇಟ್ಟು, ಕೈಗವಸು ತೊಡುತ್ತಾ ಮೀನಿನ ಕಡೆಗೆ ನಡೆಯುತ್ತಾರೆ.