ಇಪ್ಪತ್ತನೇ ದಾರಿ

ಅವನನ್ನು ಎಲ್ಲರೂ ತಂತಿ ಎಂದೇ ಕರೆಯುತ್ತಿದ್ದರು. ಆಳು ಸಣಕಲ, ಕಸುಬು ಮನೆಗಳಿಗೆ, ಅಂಗಡಿ ಆಸ್ಪತ್ರೆಗಳಿಗೆ ಇಂಟರ್ನೆಟ್ಟಿನ ತಂತಿ ಎಳೆಯುವುದು. ಹೆಸರು ಎರಡಕ್ಕೂ ಹೊಂದುತ್ತಿತ್ತು. ಇಪ್ಪತ್ತೆರಡು ವರ್ಷ ಏಣಿ ಹತ್ತಿ ಇಳಿದು ಮಂಡಿ ಸವೆದಿತ್ತು, ಬಾಯಿ ಮಾತ್ರ ಸವೆದಿರಲಿಲ್ಲ. ಬಂದವರಿಗೆ ಬೇರೆ ವೈಫೈ ಮಾಡಿಸಿಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಲು ಕೂತರೆ, ಅವರು ಕೊಟ್ಟ ಟೀ ಆರಿ ತಣ್ಣಗಾದರೂ ನಿಲ್ಲಿಸುತ್ತಿರಲಿಲ್ಲ. ಪೆಟ್ಟಿಗೆ ಒಂದೇ, ತಂತಿ ಒಂದೇ, ಒಳಗೆ ದಾರಿ ಮಾತ್ರ ಎರಡು. ಹತ್ತನೇ ದಾರಿ ಮನೆಯವರದು, ಇಪ್ಪತ್ತನೆಯದು ಬಂದುಹೋಗುವವರದು. ಇಪ್ಪತ್ತರಲ್ಲಿರುವವರು ಹೊರಗಿನ ಲೋಕವನ್ನೆಲ್ಲ ನೋಡಬಹುದು; ಮನೆಯೊಳಗಿನ ಪ್ರಿಂಟರು, ಕ್ಯಾಮೆರಾ ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ಇದಕ್ಕೆ ವಿ-ಲ್ಯಾನ್ ಅನ್ನುತ್ತಾರೆ ಎಂದು ಕೊನೆಯಲ್ಲಿ ಹೇಳಿ, ಕೇಳುವವರ ಮುಖ ನೋಡಿ ಖುಷಿಪಡುತ್ತಿದ್ದ.

ಊರಿಗೆಲ್ಲ ಮಾಡಿಕೊಟ್ಟವನು ತನ್ನ ಮನೆಗೆ ಮಾಡಿಕೊಂಡದ್ದು ಹೋದ ವರ್ಷ. ಮಾಡಿಕೊಂಡ ಮೇಲೆ ಮಾತ್ರ ಮಹಾ ಕಟ್ಟುನಿಟ್ಟು. ಹಿಂದುಮುಂದು ಗೊತ್ತಿಲ್ಲದ ಯಾವ ಯಂತ್ರವೂ ಹತ್ತರೊಳಗೆ ಕಾಲಿಡಕೂಡದು. ಮಾವ ಬಂದಾಗಲೂ ಇಪ್ಪತ್ತನ್ನೇ ಕೊಟ್ಟಿದ್ದಕ್ಕೆ ಹೆಂಡತಿ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ್ದಳು. ಮಾವ ಹೋದರು, ನಿಯಮ ಉಳಿಯಿತು.

ಹೀಗಿರುವಾಗ ತಂಗಿ ಗಂಡನ ಮನೆ ಬಿಟ್ಟು ಬಂದಳು. ಹನ್ನೊಂದು ವರ್ಷದ ಸಂಸಾರದಿಂದ ತಂದದ್ದು ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು. ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ ಕಲಿತವಳು. ಇಲ್ಲೇ ಕೆಲಸ ಹುಡುಕಿಕೊಂಡು ಇಲ್ಲೇ ಇರುತ್ತೇನೆ ಎಂದಾಗ ಅವನು ಹಿಂದಿನ ಕೋಣೆಯಲ್ಲಿದ್ದ ತಂತಿ ಸುರುಳಿಗಳನ್ನೆಲ್ಲ ಅಟ್ಟಕ್ಕೇರಿಸಿ ಮಂಚ ಹಾಕಿಕೊಟ್ಟ. ಆದರೆ ಲ್ಯಾಪ್‌ಟಾಪು ಗಂಡ ಕೊಡಿಸಿದ್ದು. ಆ ಮನುಷ್ಯ ಅವಳಿಗೆ ಬಂದ ಮೇಲ್‌ಗಳನ್ನೆಲ್ಲ ಕದ್ದು ಓದುತ್ತಿದ್ದನೆಂದು ಹೆಂಡತಿಯ ಬಾಯಲ್ಲಿ ಕೇಳಿದ್ದ. ಅದರೊಳಗೆ ಇನ್ನೂ ಏನೇನು ಕೂರಿಸಿದ್ದಾನೋ ಯಾರಿಗೆ ಗೊತ್ತು? ಬಿಚ್ಚಿ ಹೇಳಿದರೆ ಮೊದಲೇ ಬೆದರಿದ ಜೀವ ಇನ್ನಷ್ಟು ಬೆದರೀತು ಎಂದು, ಏನೂ ಹೇಳದೆ ಇಪ್ಪತ್ತರ ಪಾಸ್‌ವರ್ಡ್ ಬರೆದುಕೊಟ್ಟ. ಬೇಡದ ಕಡೆಯೆಲ್ಲ ವಟಗುಟ್ಟುತ್ತಿದ್ದವನು ಬೇಕಾದ ಕಡೆ ತುಟಿ ಬಿಚ್ಚಲಿಲ್ಲ.

ನಾಲ್ಕನೇ ದಿನ ಅವಳು ಪ್ರಿಂಟರ್ ಸಿಗುತ್ತಿಲ್ಲ ಎಂದಳು. ಎರಡು ವರ್ಷದ ಹಿಂದೆ ಬಂದಾಗ ಇದೇ ಲ್ಯಾಪ್‌ಟಾಪಿಗೆ ಸಿಕ್ಕಿತ್ತಂತೆ. ಅಂಗಡಿಯಲ್ಲಿ ಮಾಡಿಸಿಕೊಂಡು ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿದವಳನ್ನು ಅವನೇ ತಡೆದ. ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡು ಅಂಗಡಿಗೆ ಯಾಕೆ, ಸಂಜೆ ನಾನೇ ಸರಿಮಾಡಿಕೊಡುತ್ತೇನೆ ಎಂದ. ಆ ಸಂಜೆ ಒಂದು ಆಸ್ಪತ್ರೆಯ ನೆಟ್‌ವರ್ಕ್ ಕೈಕೊಟ್ಟಿತು. ಮರುದಿನ ಒಂದು ಶಾಲೆಯದು. ಆಮೇಲಿನ ದಿನಗಳಲ್ಲಿ, ನಿಜ ಹೇಳಬೇಕೆಂದರೆ, ಕೆಲಸವೇನೂ ಅಡ್ಡ ಬರಲಿಲ್ಲ, ಮನಸ್ಸು ಬರಲಿಲ್ಲ. ಸರಿಮಾಡುವುದೆಂದರೆ ಆ ಮನುಷ್ಯನ ಲ್ಯಾಪ್‌ಟಾಪನ್ನು ಒಳಗೆ ಬಿಟ್ಟುಕೊಳ್ಳುವುದು. ನಾಳೆ ನಾಳೆ ಎನ್ನುತ್ತ ಎರಡು ವಾರ ದೂಡಿದ. ಅವಳು ಮತ್ತೆ ಕೇಳಲಿಲ್ಲ, ಅವನಿಗೂ ಅದೇ ಹಾಯೆನಿಸಿತು.

ಭಾನುವಾರ ಬೆಳಿಗ್ಗೆ, ಹೆಂಡತಿ ತರಕಾರಿಗೆ ಹೋಗಿದ್ದಾಗ, ತಂಗಿ ಕಾಫಿ ಲೋಟ ಹಿಡಿದು ಬಂದು ಎದುರಿಗೆ ಕೂತಳು.

“ಅಣ್ಣಾ, ನನ್ನ ಲ್ಯಾಪ್‌ಟಾಪಲ್ಲಿ ವೈಫೈ ಹೆಸರು ‘ಅತಿಥಿ’ ಅಂತ ಬರುತ್ತೆ. ಅತ್ತಿಗೆ ಫೋನಲ್ಲಿ ‘ಮನೆ’ ಅಂತಿದೆ.”

ಇದ್ದದ್ದನ್ನು ಇಲ್ಲಿ ಹೇಳಿಬಿಡಬೇಕಿತ್ತು. ಆದರೆ ರೂಢಿಯಾದ ಮಾತೇ ಬಾಯಿಂದ ಹೊರಬಿತ್ತು, ಗಿರಾಕಿಗಳಿಗೆ ಹೇಳುವ ಮಾತು. ಪೆಟ್ಟಿಗೆ ಒಂದೇ, ದಾರಿ ಎರಡು, ಇದು ಮನೆಯವರದು, ಅದು ಬಂದುಹೋಗುವವರದು. ಅಷ್ಟು ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಅದು ಬರೀ ಹೆಸರು ಕಣೇ. ಸ್ಪೀಡು ಎರಡರಲ್ಲೂ ಅಷ್ಟೇ ಇದೆ.”

“ಸ್ಪೀಡಿಗೇನೂ ಕಮ್ಮಿಯಿಲ್ಲ ಬಿಡು,” ಎಂದಳು. ಎದ್ದು, ಲೋಟ ತೊಳೆದಿಟ್ಟು, ಕೋಣೆಗೆ ಹೋದಳು.

ಆ ತೊಳೆದಿಟ್ಟ ಲೋಟ ಅವನನ್ನು ಚುಚ್ಚಿತು. ಚಿಕ್ಕಂದಿನಲ್ಲಿ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುತ್ತಿದ್ದವಳು. ಅದಕ್ಕಾಗಿ ಅಮ್ಮನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಈ ಮನೆಗೆ ಬಂದಾಗಿನಿಂದ ಒಂದು ದಿನವೂ ಹಾಗೆ ಬಿಟ್ಟಿರಲಿಲ್ಲ. ಅವನು ಅದನ್ನು ಗಮನಿಸಿದ್ದು ಇವತ್ತೇ.

ಮಧ್ಯಾಹ್ನ ಊಟ ಸೇರಲಿಲ್ಲ. ಕೈತೊಳೆದು ಬಂದು ತನ್ನ ಕಂಪ್ಯೂಟರಿನಲ್ಲಿ ಮನೆಯ ಯಂತ್ರಗಳ ಪಟ್ಟಿ ತೆರೆದ. ತಂಗಿಯ ಲ್ಯಾಪ್‌ಟಾಪಿನ ಮುಂದೆ 20 ಎಂದಿತ್ತು. ಏನು ಹೊಕ್ಕರೂ ಹೊಗಲಿ, ಅವಳಿಗಿಂತ ಹೆಚ್ಚಿನದು ಈ ಮನೆಯಲ್ಲಿ ಏನಿದೆ ಎಂದುಕೊಂಡು ಅದನ್ನು ಅಳಿಸಿ 10 ಎಂದು ಬರೆದ. ತನ್ನ ನಿಯಮವನ್ನು ಮೊದಲ ಸಲ ತಾನೇ ಮುರಿದಿದ್ದ, ಎದೆ ಹಗುರಾಯಿತು.

ಸ್ವಲ್ಪ ಹೊತ್ತಿಗೆ ಟಿವಿ ಪಕ್ಕದ ಪ್ರಿಂಟರು ಗುರುಗುಟ್ಟಿತು. ಲ್ಯಾಪ್‌ಟಾಪಿನಲ್ಲಿ ಇಷ್ಟು ದಿನ ಸಾಲುಗಟ್ಟಿ ಕಾದಿದ್ದ ಹಾಳೆಗಳು ದಾರಿ ಸಿಕ್ಕಿದ್ದೇ ಒಂದೊಂದಾಗಿ ಹೊರಬಂದವು. ಮೊದಲ ಮೂರು ಕೆಲಸದ ಅರ್ಜಿಗಳು, ಮೂರು ಬೇರೆ ಬೇರೆ ಲ್ಯಾಬುಗಳಿಗೆ. ಮೂರರಲ್ಲೂ ಖಾಯಂ ವಿಳಾಸದ ಜಾಗದಲ್ಲಿ ಈ ಮನೆಯ ನಂಬರು, ಈ ಬೀದಿಯ ಹೆಸರು. ಓದಿ ಅವನ ಕಣ್ಣು ತುಂಬಿ ಬಂತು. ನಾಲ್ಕನೆಯದು ಇವತ್ತಿನ ತಾರೀಕಿನದು, ಒಂದು ಮಹಿಳಾ ಹಾಸ್ಟೆಲಿನ ಅರ್ಜಿ. ಈಗ ಉಳಿದುಕೊಂಡಿರುವ ಮನೆಯವರಿಗೆ ನೀವು ಏನಾಗಬೇಕು ಎಂದು ಅದರಲ್ಲಿ ಕೇಳಿದ್ದರು. ಅವಳು ‘ಅತಿಥಿ’ ಎಂದು ತುಂಬಿದ್ದಳು.

ಸದ್ದು ಕೇಳಿ ತಂಗಿ ಬಾಗಿಲಿಗೆ ಬಂದಳು. ಅವನು ಆ ಮನುಷ್ಯನ ಕಳ್ಳಗಣ್ಣು, ಲ್ಯಾಪ್‌ಟಾಪಿನ ಮೇಲಿನ ಅನುಮಾನ, ತನ್ನ ಹೆದರಿಕೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಸಿಟ್ಟಾಗದೆ ಪೂರ್ತಿ ಕೇಳಿದಳು.

“ಬಂದ ದಿನಾನೇ ಹೇಳಿದ್ರೆ ಅದನ್ನ ಎಸೆದುಬಿಡ್ತಿದ್ದೆ ಅಣ್ಣಾ.”

ಅವನು ನಾಲ್ಕೂ ಹಾಳೆಗಳನ್ನು ಮುಂದೆ ಚಾಚಿದ. ಅವಳು ಕೆಳಗಿದ್ದ ನಾಲ್ಕನೆಯದನ್ನು ಎಳೆದುಕೊಂಡು ಮಡಿಸಿದಳು.

“ಇದೊಂದು ಸಾಕು. ಉಳಿದ ಮೂರಕ್ಕೂ ಕೊನೇ ದಿನ ಮುಗಿದುಹೋಯ್ತು.”