ಹೊಸ ಫೋಟೋದ ಮೇಲೆ ಸತ್ತವರ ರುಜು

ನನಗೊಂದು ಕೆಟ್ಟ ಚಾಳಿ ಇದೆ. ಔಷಧಿ ಚೀಟಿ ಕೊಟ್ಟರೂ, ಮೊಮ್ಮಗಳ ಮಾರ್ಕ್ಸ್ ಕಾರ್ಡು ಕೊಟ್ಟರೂ ಮೊದಲು ಹುಡುಕುವುದು ರುಜುವನ್ನು. ಹಾಸನದ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ಚೆಕ್ಕಿನ ರುಜು ತಾಳೆ ನೋಡಿದವನು ನಿವೃತ್ತನಾದರೂ ಅವನ ಕಣ್ಣು ನಿವೃತ್ತಿಯಾಗುವುದಿಲ್ಲ. ಅದಕ್ಕೆ ಕೆಲಸ ಕೊಡಲೆಂದೇ ಹೆಸರಾಂತವರ ಹಸ್ತಾಕ್ಷರ ಕೂಡಿಸುವ ಹುಚ್ಚು ಹತ್ತಿಸಿಕೊಂಡೆ.

ಕಳ್ಳ ರುಜುವನ್ನು ಹಿಡಿಯುವುದು ಕಷ್ಟವಲ್ಲ. ಅಸಲಿಯವನು ಬರೆಯುತ್ತಾನೆ, ಕಳ್ಳ ಚಿತ್ರ ಬಿಡಿಸುತ್ತಾನೆ. ಭೂತಗನ್ನಡಿ ಹಿಡಿದರೆ ತಿರುವಿನಲ್ಲಿ ಪೆನ್ನು ಅನುಮಾನಿಸಿ ನಿಂತ ಚುಕ್ಕಿ ಕಾಣುತ್ತದೆ. ಮಾರುವವನನ್ನು ಹಿಡಿಯುವುದು ಇನ್ನೂ ಸುಲಭ. ನಾವು ಕೇಳುವ ಮೊದಲೇ ಸರ್ಟಿಫಿಕೇಟ್ ತೆಗೆಯುತ್ತಾನೆ, ಸಂಜೆ ಮೈಸೂರಿಂದ ಬೇರೆ ಪಾರ್ಟಿ ಬರುತ್ತೆ ಅನ್ನುತ್ತಾನೆ, ಬಿಲ್ ಕೇಳಿದರೆ ಟೀ ತರಿಸುತ್ತಾನೆ.

ಚನ್ನರಾಯಪಟ್ಟಣದ ಫೋಟೋ ಫ್ರೇಮಿನ ಅಂಗಡಿಯ ಮಂಜಣ್ಣ ಈ ಮೂರನ್ನೂ ತಪ್ಪದೆ ಮಾಡಿದ. ಆದರೂ ನಾನು ಕೊಂಡೆ. ಅದು ನಮ್ಮ ಶಾರದಕ್ಕ ದೇವರಂತೆ ನಂಬಿದ್ದ ನಾಟಕದ ನಟರೊಬ್ಬರ ಫೋಟೋ. ಕೆಳಗಿನ ರುಜುವಿನಲ್ಲಿ ಎಲ್ಲೂ ಅನುಮಾನದ ಚುಕ್ಕಿ ಇಲ್ಲ, ನೀರು ಹರಿದಂತೆ ಹರಿದಿತ್ತು. ಅಸಲಿ ಎಂದು ನನ್ನ ಕಣ್ಣು ಆಣೆ ಹಾಕಿತು.

ಬಸ್ಸು ಶಾಂತಿಗ್ರಾಮ ದಾಟುವಾಗ ಫೋಟೋ ತಿರುಗಿಸಿ ನೋಡಿದೆ. ಕಂಪ್ಯೂಟರಿನಲ್ಲಿ ಪ್ರಿಂಟು ಹಾಕುವ ಹೊಸ ಕಾಗದ, ಇಂಕಿನ ವಾಸನೆಯೂ ಪೂರ್ತಿ ಹೋಗಿರಲಿಲ್ಲ. ರುಜು ಹಾಕಿದವರು ತೀರಿಕೊಂಡು ಹನ್ನೆರಡು ವರ್ಷ. ಫೋಟೋ ಹುಟ್ಟಿ ಆರು ತಿಂಗಳೂ ಆಗಿರಲಾರದು. ಕೈಯಲ್ಲಿ ಹಿಡಿದದ್ದನ್ನು ಮೆಲ್ಲಗೆ ಪಕ್ಕದ ಸೀಟಿನ ಮೇಲಿಟ್ಟೆ.

ಮರುದಿನ ಹೊಳೆನರಸೀಪುರಕ್ಕೆ ಹೋಗಿ, ಅಕ್ಕ ಅಡುಗೆಮನೆಯಲ್ಲಿದ್ದಾಗ, ಆಕೆಯ ಗೋಡೆಯ ಮೇಲಿನ ಫೋಟೋದ ಪಕ್ಕ ಇದನ್ನು ಹಿಡಿದೆ. ನಲವತ್ತೆಂಟು ವರ್ಷದ ಹಿಂದೆ, ಆಕೆ ಬರೆದ ಕಾಗದಕ್ಕೆ ಉತ್ತರವಾಗಿ ಟಪಾಲಿನಲ್ಲಿ ಬಂದಿದ್ದ ಫೋಟೋ ಅದು. ಎರಡರ ಮೇಲೂ ಒಂದೇ ಕೈಯ ರುಜು.

ಮತ್ತೆ ಮಂಜಣ್ಣನ ಮುಂದೆ ನಿಂತೆ. ಈ ಸಲ ಟೀ ಕುಡಿಯಲಿಲ್ಲ. ಪೊಲೀಸು ಎಂಬ ಮಾತೆತ್ತಿದ ಮೇಲೆ ಬಾಯಿಬಿಟ್ಟ. "ನಾನು ಬರೆದಿದ್ದಲ್ಲ ಸಾ. ಅರಕಲಗೂಡಲ್ಲಿ ರಂಗಸ್ವಾಮಣ್ಣ ಅಂತ ಅವ್ರೆ, ಅವ್ರು ಆಕಿಕೊಡ್ತಾರೆ."

ಅರಕಲಗೂಡಿನ ಆ ಮನೆಯ ಬಾಗಿಲು ತಟ್ಟಿದ್ದು ನಡುಮಧ್ಯಾಹ್ನ. "ಬನ್ನಿ, ಬಾಗಿಲು ತೆಗೆದೇ ಇದೆ" ಎಂದು ಒಳಗಿನಿಂದ ಕೇಳಿದ್ದು ಸತ್ತ ನಟರ ದನಿ. ಒಳಗೆ ಕೂತಿದ್ದವರು ಸಣಕಲು ಮುದುಕ. ನಲವತ್ತು ವರ್ಷ ಆ ನಟರ ಬಟ್ಟೆ ಮಡಚಿ, ನಾಟಕದ ಮಾತು ಒಪ್ಪಿಸಿಕೊಂಡು ಅವರ ದನಿಯನ್ನೇ ಹತ್ತಿಸಿಕೊಂಡು, ಅಭಿಮಾನಿಗಳ ಕಾಗದಗಳಿಗೆಲ್ಲ ಉತ್ತರ ಬರೆದವರು.

"ಯಜಮಾನ್ರಿಗೆ ಪುರುಸೊತ್ತೆಲ್ಲಿ ಸಾ? ರುಜು ಎಲ್ಲಾ ನಂದೇಯ. ಕೊನೆಕೊನೆಗೆ ಚೆಕ್ಕಿಗೆ ಅವ್ರೇ ಆಕಿದ್ರೆ ಬ್ಯಾಂಕ್ನೋರು ಒಪ್ತಿರ್ಲಿಲ್ಲ."

ಇನ್ನು ಮಾರುವುದಿಲ್ಲವೆಂದು ಬರೆದು ರುಜು ಹಾಕಿಕೊಡಿ ಎಂದೆ. ಸಂಕೋಚವಿಲ್ಲದೆ ಬರೆದರು. ಕೆಳಗೆ ಮೂಡಿದ್ದು ಯಜಮಾನರ ರುಜು. "ನಿಮ್ಮ ಹೆಸರು ಬರೀರಿ" ಎಂದೆ. ಮತ್ತೆ ಅದೇ. ಮೂರನೆಯ ಸಲ ಬೆರಳನ್ನು ಬಿಗಿಹಿಡಿದು, ಅಕ್ಷರ ಅಕ್ಷರವಾಗಿ "ರಂ" ಎಂದು ಶುರುಮಾಡಿದರು. ಪೆನ್ನು ಸರ್ರನೆ ಜಾರಿ ಆ ಸತ್ತವರ ಹೆಸರನ್ನೇ ಮುಗಿಸಿತು. ಇಬ್ಬರೂ ಆ ಕೈಯನ್ನೇ ನೋಡುತ್ತ ಕೂತೆವು.

"ನಂದು ಎಂಗಿತ್ತೋ ಮರ್ತೋಗದೆ ಸಾ" ಎಂದರು. ಆ ಮಾತಷ್ಟೇ ಅವರ ಸ್ವಂತ ದನಿಯಲ್ಲಿ ಬಂತು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಕ್ಕನ ಗೋಡೆಯ ಮೇಲಿನ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡಿದ್ದೆ, ಅದನ್ನು ತೋರಿಸಿದೆ. ನಮ್ಮಕ್ಕನದು, ಹೊಳೆನರಸೀಪುರ ಎಂದದ್ದೇ ತಡ, ಮುದುಕರು ತಲೆಯೆತ್ತಿದರು.

"ಎಸ್ಸೆಸ್ಸೆಲ್ಸಿ ಫೇಲಾದ ಶಾರದಮ್ಮ ಅಲ್ವಾ? ಒಳೆ ತಂಕ ಓಗಿ ನಿಂತು ವಾಪಸ್ ಬಂದೆ, ನಾಳೆ ಏನೋ ಗೊತ್ತಿಲ್ಲ ಅಂತ ಬರ್ದಿತ್ತು ಆ ಮಗು. ಯಜಮಾನ್ರು ಬಣ್ಣ ಹಚ್ಕೊತಾ ಇದ್ರು, ನೀನೇ ಏನಾರ ಬರಿ ಅಂದ್ರು. ಫೋಟೋ ಹಿಂದ್ಗಡೆ ಬರ್ದೆ, ಒಳೆ ಎಲ್ಲಿಗೂ ಓಗಲ್ಲ ತಾಯಿ, ಮೊದ್ಲು ಪರೀಕ್ಷೆ ಕಟ್ಟು ಅಂತ."

ಅಕ್ಕ ಪರೀಕ್ಷೆ ಕಟ್ಟಿ, ಪಾಸಾಗಿ, ಸ್ಕೂಲು ಮೇಡಮ್ಮಾಗಿ ನಿವೃತ್ತಳಾದದ್ದು ನನಗೆ ಗೊತ್ತಿತ್ತು. ಹೊಳೆಯ ವಿಷಯ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ, ಅದೇ ಪಂಕ್ತಿಯಲ್ಲಿ ಕೂತು ಉಂಡವನು ನಾನು.

ಹೇಳುವುದೋ ಬೇಡವೋ ಎಂದು ಎರಡು ವಾರ ಒದ್ದಾಡಿ, ಕೊನೆಗೆ ಹೋಗಿ ಹೇಳಿದೆ. ಅಕ್ಕ ಫೋಟೋ ಕೆಳಗಿಳಿಸಿ, ಹಿಂದಿನ ರಟ್ಟು ಬಿಚ್ಚಿ, ಮಾಸಿದ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಆಕೆಯ ದೇವರನ್ನು ಒಡೆದೆನೆಂದು ನಾನು ಕುಗ್ಗಿ ಕೂತಿದ್ದೆ.

"ಹಾಗಾದ್ರೆ ನನ್ನ ಕಾಗದ ಓದಿದವರು ಇನ್ನೂ ಇದಾರೆ ಅನ್ನು" ಎಂದಳು. "ಅವರ ಅಡ್ರೆಸ್ ಕೊಡೋ."

ಆಕೆ ಏನು ಬರೆದಳೋ ನನಗೆ ತೋರಿಸಲಿಲ್ಲ. ಉತ್ತರ ಬಂದಾಗ ಮಾತ್ರ ಕರೆಸಿದಳು. ಎರಡೇ ಸಾಲು: ಕಾಗದ ಮುಟ್ಟಿತು, ನೀವು ಪಾಸಾದದ್ದು ಇವತ್ತು ಗೊತ್ತಾಯಿತು. ಕೆಳಗೆ ಆ ರುಜು ಇರುತ್ತದೆಂದು ನಾನು ಭೂತಗನ್ನಡಿ ತೆಗೆದೆ.

ಅಲ್ಲಿದ್ದದ್ದು ನೀಲಿ ಇಂಕಿನ ಹೆಬ್ಬೆಟ್ಟು. ಅಷ್ಟು ಅಸಲಿಯಾದ ರುಜುವನ್ನು ನನ್ನ ಕಣ್ಣು ಅಲ್ಲಿಯವರೆಗೆ ಕಂಡಿರಲಿಲ್ಲ.