ಭೂಪಾಲಣ್ಣನ ಸ್ಟೀಲಿನ ಗ್ಲಾಸ

ಆಗ ನಾ ಮಿರಜದಾಗ ಒಬ್ಬ ಮಾನಸಿಕ ರೋಗದ ಡಾಕ್ಟರ ಕಡೆ ಹೊಸದಾಗಿ ಕೆಲಸಕ್ಕ ಸೇರಿದ್ದೆ. ಪೇಶಂಟರ ಮನಿಗೆ ಹೋಗೂದು, ಮನಿಯವ್ರನ್ನ ಕೇಳೂದು, ಫಾರ್ಮ್ ತುಂಬೂದು, ಓಡೂದು! ಅವತ್ತ ಕುಪವಾಡದಾಗ ಭೂಪಾಲಣ್ಣನ ಮನಿ. ಅವಗ ಆರಾಮ ಆಗಿ ಮೂರು ತಿಂಗಳಾಗಿತ್ತು. ನಾ ಫಾರ್ಮಿನಾಗ ಚಲೋ ಬರದ ಡಾಕ್ಟರಿಗೆ ಕೊಟ್ರ ಸೋಮವಾರ ಹೊಸ ಕಾರ್ಖಾನ್ಯಾಗ ಕೆಲಸಕ್ಕ ನಿಲ್ಲಾಂವ ಇದ್ದ.

ಆದ್ರ ಅವನ್ನ ಏನ ಕೇಳಿದ್ರೂ ಅವನ ದೊಡ್ಡಣ್ಣಾರ ಉತ್ತರಾ ಕೊಡ್ತಿದ್ರು. "ನಿನ್ನೆ ಸಿಟ್ಟ ಮಾಡ್ಯಾನ್ರಿ, ಗುಳಿಗಿ ಹೆಚ್ಚ ಮಾಡಸ್ರಿ!"

"ದಿನಾ ಹತ್ತ ಸಲ ಗುಳಿಗಿ ತಗೊಂಡ್ಯಾ ಅಂತ ಕೇಳಿದ್ರ ಸಿಟ್ಟ ಬರೂದಿಲ್ಲೇನ್ರಿ?" ಅಂದ ಭೂಪಾಲಣ್ಣ.

"ಬಘಾ! ಮತ್ತ ಸುರು ಆತು ನೋಡ್ರಿ!" ಅಂದ್ರು ದೊಡ್ಡಣ್ಣಾರು. ನಾನೂ ಗಡಬಡಿಸಿ 'ಸಿಟ್ಟು' ಅಂತ ಬರ್ಕೊಂಡಬಿಟ್ಟೆ!

ಅಷ್ಟ್ರಾಗ ಅವರವ್ವ ಚಹಾ ತಂದ್ರು. ನಮಗೆಲ್ಲಾ ಕಪ್ಪು-ಬಶಿ, ಭೂಪಾಲಣ್ಣಗಷ್ಟ ಸ್ಟೀಲಿನ ಗ್ಲಾಸ. "ಕಪ್ಪು ಕೊಟ್ರ ಎಲ್ಲರೆ ಒಗದಾನು ಅಂತ," ಅಂದ್ರು ನನ್ನ ಕಿವ್ಯಾಗ. ನಾ ಮಾತಾಡಾಕ ಹತ್ತಿದ್ರ ಕೈ ಸುಮ್ನಿರೂದಿಲ್ಲ. "ಹಂಗೇನಿಲ್ರಿ ಅವ್ವಾ!" ಅಂತ ಕೈ ಬೀಸಿದ್ನೋ ಇಲ್ಲೋ, ನನ್ನ ಕಪ್ಪು ಗ್ವಾಡಿಗೆ ಬಡದು ಚೂರಚೂರ!

"ಇರ್ಲಿ ಬಿಡ್ರಿ, ಕೈ ಜಾರತೈತಿ," ಅಂದ್ರು ದೊಡ್ಡಣ್ಣಾರು.

"ನಾ ಒಡದಿದ್ರ?" ಅಂದ ಭೂಪಾಲಣ್ಣ, ಸಾವಕಾಶ.

ನಾ 'ಸಿಟ್ಟು' ಅಂತ ಬರದಿದ್ದನ್ನ ಹೊಡದಹಾಕಿ, 'ಕೆಲಸಕ್ಕ ಕಳಸಬಹುದು' ಅಂತ ಬರದೆ.

ಅವ್ವ ಎದ್ದು ಮತ್ತ ಚಹಾ ತಂದ್ರು. ಈ ಸಲ ಭೂಪಾಲಣ್ಣಗ ಕಪ್ಪು-ಬಶಿ ಬಂತು, ಸ್ಟೀಲಿನ ಗ್ಲಾಸ ನನ್ನ ಮುಂದ! ಅವ ಸೋಮವಾರ ಕೆಲಸಕ್ಕ ಹೋದ. ನನಗ ಮಾತ್ರ ಇನ್ನೂ ಆರಾಮ ಆಗಿಲ್ಲಂತ ಕಾಣ್ತೈತಿ, ಆ ಮನ್ಯಾಗ ಇವತ್ತಿಗೂ ನನಗ ಅದ ಗ್ಲಾಸ.